ಹಡಗು ಬಂದರಿಗೆ ಬಂದ ದಿನ ಮಗುವಿನೊಡನೆ ಎಲ್ಲಿಗೆ ಹೋಗಬೇಕು?

ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮತ್ತು ಕ್ವಾಲಾಲಂಪುರಕ್ಕೆ ಸಮೀಪದ ಪೋರ್ಟ್ ಕ್ಲಾಂಗ್ ಬಂದರುಗಳನ್ನು ಮುಟ್ಟಿ ಮತ್ತೆ ಸಿಂಗಪುರಕ್ಕೆ ಮರಳುವ ಕ್ರೂಸ್ ಪ್ರವಾಸಕ್ಕೆ ಕಳೆದ ಫೆಬ್ರವರಿಯಲ್ಲಿ ನಾವು ಹೋಗಿ ಬಂದೆವು. ನಾನು, ನಮ್ಮ ಯಜಮಾನರು, ಅತ್ತೆ, ಮಾವ ಮತ್ತು ಮೂರೂವರೆ ವರ್ಷದ ಮಗಳು. ಅಂದಿನಿಂದ ಸರಸ್ವತಿಪುರಂನ ನಮ್ಮ ಬೀದಿಯಲ್ಲಿಯೂ ಮಗಳ ಪ್ಲೇಹೋಮಿನ ಗೇಟಿನ ಬಳಿಯೂ ಸಣ್ಣ ಮಕ್ಕಳಿರುವ ತಾಯಂದಿರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ. ಹಡಗಿನ ಒಳಗೆ ಹೇಗೋ ನಡೆಯುತ್ತದೆ, ಆದರೆ ಬಂದರಿನಲ್ಲಿ ಇಳಿದ ಮೇಲೆ ಅಷ್ಟು ಸಣ್ಣ ಮಗುವನ್ನು ಕಟ್ಟಿಕೊಂಡು ಏನು ನೋಡಿದಿರಿ, ಹೇಗೆ ನೋಡಿದಿರಿ ಎಂದು. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ವಿವರವಾಗಿ ಬರೆಯುವುದೇ ಮೇಲೆಂದು ಕುಳಿತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಒಂದು ಬಂದರಿಗೆ ಒಂದೇ ಜಾಗ ಸಾಕು, ಅದೂ ಹಡಗಿಗೆ ಆದಷ್ಟು ಹತ್ತಿರದ್ದಾಗಿರಬೇಕು. ಮೈಸೂರಿನವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಬೆಳಗ್ಗೆ ಬೆಂಗಳೂರಿನಿಂದ ಹೊರಟ ಪ್ರವಾಸಿ ಬಸ್ಸುಗಳು ಶ್ರೀರಂಗಪಟ್ಟಣ, ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ಎಲ್ಲವನ್ನೂ ಮುಗಿಸಿ ಸಂಜೆ ಕೆ.ಆರ್.ಎಸ್. ಬೃಂದಾವನಕ್ಕೆ ಬಂದು ನಿಂತಾಗ ಅದರಿಂದ ಇಳಿಯುವ ಮಕ್ಕಳ ಮುಖವನ್ನು ನಾವು ಎಷ್ಟು ಸಲ ನೋಡಿಲ್ಲ? ಕಾರಂಜಿಯ ಬಣ್ಣದ ನೀರು ಎದುರಿಗೇ ಚಿಮ್ಮುತ್ತಿದ್ದರೂ ಮಗು ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡು ಅಳುತ್ತಿರುತ್ತದೆ. ನಮ್ಮ ಮನೆಗೇ ನೆಂಟರು ಮಕ್ಕಳೊಡನೆ ಬಂದರೆ ನಾವು ಹಾಗೆ ಮಾಡುವುದಿಲ್ಲ. ಬೆಳಗ್ಗೆ ಮೃಗಾಲಯ, ಮಧ್ಯಾಹ್ನ ಊಟ ಮತ್ತು ನಿದ್ದೆ, ಭಾನುವಾರವಾದರೆ ಸಂಜೆ ಅರಮನೆಯ ದೀಪ, ಅಷ್ಟಕ್ಕೇ ನಿಲ್ಲಿಸುತ್ತೇವೆ. ಊರಿನಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಈ ಕ್ರಮವನ್ನು ಪರದೇಶದಲ್ಲಿ, ಅಷ್ಟು ಹಣ ಕೊಟ್ಟು ಬಂದಿದ್ದೇವೆಂಬ ಒಂದೇ ಕಾರಣಕ್ಕೆ, ಬಿಟ್ಟುಬಿಡುತ್ತೇವೆ.

ಹಾಗಾಗಿ ಯೋಜನೆಯನ್ನು ಬಂದರಿನ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಿಂದಲ್ಲ, ಮಗುವಿನ ಕಾಲುಗಳಿಂದ ಆರಂಭಿಸಬೇಕು. ಹೊರಡುವ ಮುಂಚಿನ ವಾರಗಳಲ್ಲಿ ನಾನು ಮಗಳನ್ನು ಕಾರಂಜಿ ಕೆರೆಗೆ ಕರೆದುಕೊಂಡು ಹೋಗಿ, ಎತ್ತಿಕೊಳ್ಳದೆ ಎಷ್ಟು ದೂರ ನಡೆಯುತ್ತಾಳೆ, ಎಲ್ಲಿ ಕೂರುತ್ತಾಳೆ, ಎಷ್ಟು ಹೊತ್ತಿಗೆ ರಚ್ಚೆ ಹಿಡಿಯುತ್ತಾಳೆ ಎಂಬುದನ್ನು ಗಮನಿಸಿದೆ. ಗೇಟಿನಿಂದ ಪಕ್ಷಿಗಳ ಆವರಣದವರೆಗೆ ಉತ್ಸಾಹ, ಒಳಗೆ ನವಿಲಿನ ಮುಂದೆ ಬಹಳ ಹೊತ್ತು, ಅಲ್ಲಿಂದ ಹಿಂದಿರುಗುವಾಗ ಕಂಕುಳು. ಮೈಸೂರಿನ ತಂಪಿನಲ್ಲಿಯೇ ಹೀಗಾದರೆ, ಸಮಭಾಜಕ ವೃತ್ತದ ಹತ್ತಿರವಿರುವ ಪೆನಾಂಗ್ ಮತ್ತು ಸಿಂಗಪುರದ ಸೆಕೆಯಲ್ಲಿ ಅದರ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂದು ತೀರ್ಮಾನಿಸಿದೆ. ನಮ್ಮ ಊರು ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಬೆಳೆದ ಮಕ್ಕಳಿಗೆ ಒದ್ದೆ ಬಟ್ಟೆಯಂತೆ ಮೈಗೆ ಅಂಟುವ ಆ ಬೆವರು ಅಭ್ಯಾಸವಿಲ್ಲ.

ಇನ್ನು ಸಮಯದ ಲೆಕ್ಕ. ಹಡಗು ಮಧ್ಯಾಹ್ನ ಒಂದಕ್ಕೆ ಬಂದು ರಾತ್ರಿ ಒಂಬತ್ತಕ್ಕೆ ಹೊರಡುತ್ತದೆ ಎಂದು ವೇಳಾಪಟ್ಟಿಯಲ್ಲಿ ಇದ್ದರೆ, ಎಂಟು ಗಂಟೆಯ ಕಾಲ ನಿಮ್ಮದು ಎಂದು ಅರ್ಥವಲ್ಲ. ಹಡಗು ಕಟ್ಟೆಗೆ ಬಂದ ಮೇಲೆ ಬಂದರಿನ ಅಧಿಕಾರಿಗಳು ಅನುಮತಿ ಕೊಡಬೇಕು, ಆಮೇಲೆ ಸಾವಿರಾರು ಜನ ಒಂದೇ ಮೆಟ್ಟಿಲಿನತ್ತ ನುಗ್ಗುತ್ತಾರೆ, ಅದಾದ ಮೇಲೆ ವಲಸೆ ತಪಾಸಣೆ. ಇದಕ್ಕೇ ಒಂದು ಗಂಟೆ ಹೋಗುತ್ತದೆ. ಆ ತುದಿಯಲ್ಲಿ, ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆಯೇ ಎಲ್ಲರೂ ಹಡಗಿನಲ್ಲಿರಬೇಕೆಂಬ ನಿಯಮವಿರುತ್ತದೆ, ಮತ್ತು ಮಗುವಿರುವವರು ಅದಕ್ಕೂ ಒಂದು ಗಂಟೆ ಮುಂಚೆ ಕಟ್ಟೆಯಲ್ಲಿರುವುದು ಕ್ಷೇಮ. ಉಳಿದ ಐದು ಗಂಟೆಯಲ್ಲಿ ಊಟ, ಶೌಚ, ಒಂದು ನಿದ್ದೆ, ಒಂದು ಹಟ ಇವುಗಳಿಗೆ ಜಾಗ ಬಿಟ್ಟರೆ ನೋಡುವುದಕ್ಕೆ ಸಿಗುವುದು ಎರಡು ಗಂಟೆ. ಎರಡು ಗಂಟೆಯಲ್ಲಿ ಏನು ನೋಡಬಹುದು ಎಂದು ಕೇಳಿಕೊಂಡರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಮಗುವಿನ ನಿದ್ದೆಯ ಗಡಿಯಾರವನ್ನು ಬಹಳ ಮಂದಿ ಮರೆಯುತ್ತಾರೆ. ಸಿಂಗಪುರ, ಮಲೇಷ್ಯಾಗಳ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಗಿನ ಏಳು ಎಂದರೆ ಮೈಸೂರಿನಲ್ಲಿ ಇನ್ನೂ ನಸುಕಿನ ನಾಲ್ಕೂವರೆ. ದೊಡ್ಡವರು ಒಂದೆರಡು ದಿನದಲ್ಲಿ ಹೊಂದಿಕೊಳ್ಳುತ್ತೇವೆ, ಮಕ್ಕಳು ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಆದ್ದರಿಂದ ಬೆಳಗ್ಗೆ ಏಳೂವರೆಗೆ ಹಡಗಿನ ಸಭಾಂಗಣದಲ್ಲಿ ಸೇರಬೇಕೆಂಬ ಯಾವ ಪ್ರವಾಸವನ್ನೂ ನಾನು ಮಗಳಿಗಾಗಿ ಆರಿಸಲಿಲ್ಲ. ಅದೇ ಕಾರಣಕ್ಕೆ ಅವಳು ರಾತ್ರಿ ತಡವಾಗಿ ಮಲಗುತ್ತಿದ್ದಳು, ಸಂಜೆಯ ಹೊತ್ತು ಚುರುಕಾಗಿರುತ್ತಿದ್ದಳು. ಸಂಜೆಯ ತಿರುಗಾಟಕ್ಕೆ ಅದು ನಮಗೆ ಅನುಕೂಲವೇ ಆಯಿತು.

ಹಡಗಿನವರೇ ಏರ್ಪಡಿಸುವ ಪ್ರವಾಸ ತೆಗೆದುಕೊಳ್ಳಬೇಕೋ, ಸ್ವಂತವಾಗಿ ಹೋಗಬೇಕೋ? ಈ ಚರ್ಚೆಯಲ್ಲಿ ಹಣದ ಮಾತೇ ಮುಂದೆ ಬರುತ್ತದೆ, ಆದರೆ ಮಗುವಿರುವವರಿಗೆ ಮುಖ್ಯವಾದದ್ದು ಬೇರೆ. ಹಡಗಿನವರ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಅದಕ್ಕಾಗಿ ಕಾಯುತ್ತದೆ. ನೀವು ಸ್ವಂತವಾಗಿ ಹೋಗಿ ತಡಮಾಡಿದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ನೀವೇ ತಲುಪಬೇಕಾಗುತ್ತದೆ. ಇದು ಅವರ ಪ್ರವಾಸದ ದೊಡ್ಡ ಗುಣ. ಆದರೆ ಆ ಬಸ್ಸಿನಲ್ಲಿ ನಲವತ್ತು ಜನರ ಜೊತೆ ನಡೆಯಬೇಕು, ಮಗು ಮಲಗಿದೆ ಎಂದು ಯಾರೂ ನಿಲ್ಲುವುದಿಲ್ಲ, ನಡುವೆ ಅಂಗಡಿಗಳಿಗೆ ಕರೆದೊಯ್ಯುವುದೂ ಉಂಟು, ಮತ್ತು ಬೇಡವೆನಿಸಿದಾಗ ಅರ್ಧದಲ್ಲಿ ಹಿಂದಿರುಗುವ ದಾರಿ ಇರುವುದಿಲ್ಲ. ನಾನು ಪಾಲಿಸಿದ ಸೂತ್ರ ಸರಳ: ಹಡಗಿನಿಂದ ನಡೆದು ಹೋಗುವಷ್ಟು ದೂರದ ಜಾಗಕ್ಕೆ ಸ್ವಂತವಾಗಿ ಹೋಗುವುದು, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹೋಗಬೇಕಾದ ಊರಿಗೆ ಹಡಗಿನವರ ಬಸ್ಸಿನಲ್ಲಿ ಹೋಗುವುದು, ಇಲ್ಲವೇ ಹೋಗದಿರುವುದು.

ನಡೆದು ನೋಡುವ ಬಂದರಿಗೆ ಪೆನಾಂಗಿಗಿಂತ ಒಳ್ಳೆಯ ಉದಾಹರಣೆ ಆ ದಾರಿಯಲ್ಲಿ ಇಲ್ಲ. ಹಡಗು ಸ್ವೆಟನ್‌ಹ್ಯಾಮ್ ಕಟ್ಟೆಗೆ ಬಂದು ನಿಲ್ಲುತ್ತದೆ, ಕಟ್ಟೆಯ ಗೇಟು ದಾಟಿದರೆ ನೀವು ಪೆನಾಂಗಿನ ಮುಖ್ಯ ಪಟ್ಟಣವಾದ ಜಾರ್ಜ್ ಟೌನಿನ ಒಳಗೇ ಇರುತ್ತೀರಿ. ಎದುರಿಗೇ ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60 ವರ್ಷಗಳ ನೆನಪಿಗೆ 60 ಅಡಿ ಎತ್ತರ ಕಟ್ಟಿಸಿದ ಗಡಿಯಾರ ಗೋಪುರ, ಅದರ ಪಕ್ಕದಲ್ಲಿ ಕಾರ್ನ್‌ವಾಲಿಸ್ ಕೋಟೆ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದ ಅದೇ ಕಾರ್ನ್‌ವಾಲಿಸನ ಹೆಸರು ಅಷ್ಟು ದೂರದ ಸಮುದ್ರದಂಡೆಯ ಕೋಟೆಯ ಮೇಲಿರುವುದನ್ನು ಕಂಡು ನಮ್ಮ ಮಾವನವರು ಬಹಳ ಹೊತ್ತು ಅಲ್ಲಿಯೇ ನಿಂತಿದ್ದರು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಹೆಸರು ಬರಿಯ ಹೆಸರಲ್ಲ.

ಮಾವನವರಿಗೆ ಪೆನಾಂಗ್ ಬೆಟ್ಟದ ಹಗ್ಗದ ರೈಲು ಹತ್ತುವ ಆಸೆ ಇತ್ತು. 1923ರಲ್ಲಿ ಆರಂಭವಾದ ಆ ರೈಲು ಬೆಟ್ಟದ ಕಡಿದಾದ ಇಳಿಜಾರಿನಲ್ಲಿ ನೆಟ್ಟಗೆ ಮೇಲೇರುತ್ತದೆ, ನೋಡತಕ್ಕದ್ದೇ. ಆದರೆ ಅದು ಇರುವುದು ಊರಾಚೆಯ ಆಯರ್ ಇಟಾಂನಲ್ಲಿ. ಅಲ್ಲಿಗೆ ಸಂಚಾರ ದಟ್ಟಣೆಯ ನಡುವೆ ಹೋಗಿ, ಮೇಲಕ್ಕೊಂದು ಸರದಿ, ಕೆಳಕ್ಕೊಂದು ಸರದಿ ನಿಂತು ಬರುವಷ್ಟರಲ್ಲಿ ನಮ್ಮ ಎರಡು ಗಂಟೆ ಮುಗಿದು ಇನ್ನೆರಡು ಗಂಟೆ ಸಾಲವಾಗುತ್ತಿತ್ತು. ಹಡಗು ಬೆಳಗ್ಗೆಯೇ ಬಂದು ದಿನವಿಡೀ ನಿಲ್ಲುವುದಾದರೆ ಬೆಟ್ಟಕ್ಕೆ ಖಂಡಿತ ಹೋಗಿ, ಮಧ್ಯಾಹ್ನ ಬರುವುದಾದರೆ ಬೇಡ ಎಂಬುದು ನನ್ನ ಸಲಹೆ.

ನಾವು ನಡೆದದ್ದು ಇಷ್ಟು: ಗಡಿಯಾರ ಗೋಪುರದಿಂದ ಲಿಟಲ್ ಇಂಡಿಯಾ, ಅಲ್ಲಿಂದ ಅರ್ಮೇನಿಯನ್ ಬೀದಿ, ಮತ್ತೆ ಹಿಂದಕ್ಕೆ. ಲಿಟಲ್ ಇಂಡಿಯಾದಲ್ಲಿ ಮಲ್ಲಿಗೆಯ ಮಾಲೆ, ಅಗರಬತ್ತಿಯ ಹೊಗೆ, ಸೀರೆಯಂಗಡಿ, ತಮಿಳು ಹಾಡು, ಎಲ್ಲವೂ ಇದ್ದುದರಿಂದ ಮಗಳಿಗೆ ಪರದೇಶಕ್ಕೆ ಬಂದಿದ್ದೇವೆಂದು ಅನಿಸಲೇ ಇಲ್ಲ. ಅಲ್ಲಿಯ ಸಸ್ಯಾಹಾರಿ ಹೋಟೆಲಿನಲ್ಲಿ ಇಡ್ಲಿ, ಮೊಸರನ್ನ ಸಿಕ್ಕಿತು. ಸಣ್ಣ ಮಗುವಿನ ಹೊಟ್ಟೆಗೆ ಪರಿಚಿತ ಅನ್ನ ಬಿದ್ದ ಮೇಲೆ ದಿನದ ಅರ್ಧ ಕಷ್ಟ ಕಳೆದಂತೆಯೇ. ಕ್ವೀನ್ ಬೀದಿಯಲ್ಲಿ 1833ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ದೇವಸ್ಥಾನವಿದೆ. ನಮ್ಮ ದೇವಸ್ಥಾನಗಳಂತೆ ಅಲ್ಲಿಯೂ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ಸಂಜೆಗೆ ತೆರೆಯುತ್ತದೆ, ಆದ್ದರಿಂದ ದರ್ಶನವನ್ನು ಹಿಂದಿರುಗುವ ದಾರಿಗೆ ಇಟ್ಟುಕೊಳ್ಳಿ.

ಅರ್ಮೇನಿಯನ್ ಬೀದಿಯ ಒಂದು ಗೋಡೆಯ ಮೇಲೆ ಅಕ್ಕ ತಮ್ಮ ಇಬ್ಬರು ಸೈಕಲ್ ಮೇಲೆ ಕುಳಿತಿರುವ ಚಿತ್ರವಿದೆ. ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಝಕಾರೆವಿಚ್ 2012ರಲ್ಲಿ ಬರೆದದ್ದು. ಮಕ್ಕಳು ಬಣ್ಣದವರು, ಸೈಕಲ್ ಮಾತ್ರ ನಿಜವಾದದ್ದು, ಗೋಡೆಗೆ ಸೇರಿಸಿ ನಿಲ್ಲಿಸಿದ್ದಾರೆ. ನಮ್ಮ ಮಗಳು ಮೊದಲು ಸೈಕಲಿನ ತುಕ್ಕು ಹಿಡಿದ ಮಡ್‌ಗಾರ್ಡಿನ ಮೇಲೆ ಬೆರಳಿಟ್ಟಳು, ಆಮೇಲೆ ಹುಡುಗನ ಕಾಲಿನ ಮೇಲೆ ಇಟ್ಟಳು, ಅದು ಗೋಡೆಯೆಂದು ತಿಳಿದು ನನ್ನತ್ತ ತಿರುಗಿ ನೋಡಿದಳು, ಮತ್ತೆ ಸೈಕಲ್, ಮತ್ತೆ ಕಾಲು. ಹಿಂದೆ ಫೋಟೋಗೆ ಸರದಿ ನಿಂತಿದ್ದವರು ತಾಳ್ಮೆಯಿಂದ ಕಾದರು. ಆ ದಿನ ಅವಳಿಗೆ ಪೆನಾಂಗ್ ಎಂದರೆ ಅಷ್ಟೇ, ಮತ್ತು ಅಷ್ಟು ಸಾಕಾಗಿತ್ತು. ಇನ್ನೊಂದು ಚಿತ್ರ ತೋರಿಸೋಣವೆಂದು ಅಲ್ಲಿಂದ ಎಳೆದುಕೊಂಡು ಹೋಗುವ ಆತುರವನ್ನು ತಂದೆತಾಯಿ ಬಿಡಬೇಕು.

ಸ್ಟ್ರೋಲರ್ ಬಗ್ಗೆ ಎಲ್ಲರೂ ಕೇಳುವುದರಿಂದ ಹೇಳುತ್ತೇನೆ. ಜಾರ್ಜ್ ಟೌನಿನ ಹಳೆಯ ಅಂಗಡಿಮನೆಗಳ ಮುಂದೆ ಐದಡಿ ಅಗಲದ ಜಗಲಿಯಂಥ ಕಾಲುದಾರಿ ಉದ್ದಕ್ಕೂ ಇದೆ. ಬಿಸಿಲು ಮಳೆಗೆ ಅದು ಒಳ್ಳೆಯ ಆಸರೆ. ಆದರೆ ಒಂದು ಅಂಗಡಿಯ ಜಗಲಿಗೂ ಪಕ್ಕದ್ದಕ್ಕೂ ಮಟ್ಟ ಒಂದೇ ಇಲ್ಲ, ನಾಲ್ಕು ಹೆಜ್ಜೆಗೊಂದು ಮೆಟ್ಟಿಲು, ನಡುವೆ ನಿಲ್ಲಿಸಿದ ಮೋಟಾರ್ ಸೈಕಲ್, ಹೂವಿನ ಕುಂಡ, ಪಕ್ಕದಲ್ಲಿ ಆಳವಾದ ಚರಂಡಿ. ದೊಡ್ಡ ಚಕ್ರದ ಭಾರಿ ಸ್ಟ್ರೋಲರ್ ಅಲ್ಲಿ ಭಾರವೇ ಹೊರತು ಸಹಾಯವಲ್ಲ. ಒಂದೇ ಕೈಯಲ್ಲಿ ಮಡಚಿ ಹೆಗಲಿಗೆ ಹಾಕಿಕೊಳ್ಳುವಂಥ ಹಗುರವಾದದ್ದು ಇರಲಿ, ಎರಡು ವರ್ಷದೊಳಗಿನ ಕೂಸಾದರೆ ಎದೆಗೆ ಕಟ್ಟಿಕೊಳ್ಳುವ ಚೀಲವೇ ಉತ್ತಮ.

ಪೋರ್ಟ್ ಕ್ಲಾಂಗ್ ಇದಕ್ಕೆ ತದ್ವಿರುದ್ಧ. ಬಂದರಿನ ಸುತ್ತ ನೋಡುವುದಕ್ಕೆ ಹೆಚ್ಚೇನೂ ಇಲ್ಲ, ಕ್ವಾಲಾಲಂಪುರ ನಗರ ರಸ್ತೆಯಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. 452 ಮೀಟರ್ ಎತ್ತರದ ಪೆಟ್ರೋನಾಸ್ ಗೋಪುರಗಳು, ಬಾತು ಗುಹೆಗಳ ಮುಂದಿನ 42.7 ಮೀಟರ್ ಎತ್ತರದ ಸುಬ್ರಹ್ಮಣ್ಯನ ವಿಗ್ರಹ, ಗುಹೆಗೆ ಏರುವ 272 ಮೆಟ್ಟಿಲು, ಇವನ್ನು ನೋಡಲು ಎಲ್ಲರೂ ಹೋಗುತ್ತಾರೆ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಕಂಡವರಿಗೆ 272 ಲೆಕ್ಕವೇ ಅಲ್ಲವೆನಿಸಬಹುದು. ಆದರೆ ಹದಿನಾಲ್ಕು ಕಿಲೋ ತೂಕದ ಮಗುವನ್ನು ಎತ್ತಿಕೊಂಡು ನಡುಹಗಲಿನ ಬಿಸಿಲಲ್ಲಿ ಹತ್ತುವುದು ಬೇರೆ ಮಾತು. ಕೈಯಲ್ಲಿರುವ ಬಿಸ್ಕತ್ತನ್ನು ಕಸಿಯುವ ಕೋತಿಗಳು ಅಲ್ಲಿಯೂ ಇವೆ, ನಮ್ಮ ಬೆಟ್ಟದ ಕೋತಿಗಳಿಗಿಂತ ಸೌಮ್ಯವೇನಲ್ಲ. ಜನವರಿ ಅಥವಾ ಫೆಬ್ರವರಿಯಲ್ಲಿ ಬರುವ ತೈಪೂಸಂ ಹಬ್ಬದ ಸುತ್ತಮುತ್ತ ಲಕ್ಷಗಟ್ಟಲೆ ಜನ ಸೇರುವುದರಿಂದ, ನಿಮ್ಮ ದಿನ ಅದಕ್ಕೆ ಹೊಂದಿಕೊಂಡಿದೆಯೇ ಎಂದು ಪಂಚಾಂಗ ನೋಡಿಯೇ ಹೊರಡಿ.

ಅಲ್ಲಿ ನಾವು ಮನೆಯವರನ್ನು ಎರಡು ಪಾಲು ಮಾಡಿದೆವು. ಸುಬ್ರಹ್ಮಣ್ಯನ ದರ್ಶನ ಮಾಡಲೇಬೇಕೆಂದಿದ್ದ ಅತ್ತೆಯವರು, ಮಾವನವರು ಮತ್ತು ಯಜಮಾನರು ಹಡಗಿನವರ ಬಸ್ಸಿನಲ್ಲಿ ಹೋದರು, ನಾನು ಮಗಳೊಡನೆ ಹಡಗಿನಲ್ಲಿಯೇ ಉಳಿದೆ. ಹಿಂದಿನ ರಾತ್ರಿ ಈ ಮಾತು ಬಂದಾಗ ಅತ್ತೆಯವರು, "ಮಗೂನ ನಿದ್ದೆಗಣ್ಣಲ್ಲಿ ಎಬ್ಬಿಸ್ಬೇಡಮ್ಮ, ನಾವು ಹೋಗಿ ಬರ್ತೀವಿ, ನಿನ್ನ ಹೆಸರಲ್ಲೂ ಒಂದು ಅರ್ಚನೆ ಮಾಡಿಸ್ತೀನಿ" ಎಂದರು. ಈ ಮಾತು ಎಲ್ಲ ಮನೆಗಳಲ್ಲೂ ಹಿರಿಯರಿಂದ ಬರಬೇಕೆಂದು ನನಗೆ ಆಸೆ. ಏಕೆಂದರೆ ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಟದಿಂದಲೇ ನಮ್ಮ ಕುಟುಂಬ ಪ್ರವಾಸಗಳಲ್ಲಿ ಮಕ್ಕಳೂ ಮುದುಕರೂ ಬಳಲುತ್ತಾರೆ. ಎಲ್ಲರೂ ಇಳಿದು ಹೋದ ಹಡಗು ಮಕ್ಕಳಿಗೆ ಸ್ವರ್ಗ. ಉಳಿದ ದಿನಗಳಲ್ಲಿ ಸಾಲು ನಿಲ್ಲಬೇಕಾದ ನೀರಾಟದ ಜಾಗ ಅಂದು ಖಾಲಿ, ಊಟದ ಮನೆಯಲ್ಲಿ ಮಾತನಾಡಿಸುವ ಸಿಬ್ಬಂದಿ, ಜಾರುಬಂಡೆಯಲ್ಲಿ ಬೇಕಾದಷ್ಟು ಸಲ ಜಾರಬಹುದು. ಅನೇಕ ಹಡಗುಗಳಲ್ಲಿ ಡೈಪರ್ ಹಾಕಿದ ಮಕ್ಕಳನ್ನು ಈಜುಕೊಳಕ್ಕೆ ಬಿಡುವುದಿಲ್ಲ, ಮತ್ತು ಮಕ್ಕಳನ್ನು ನೋಡಿಕೊಳ್ಳುವ ಕ್ಲಬ್ಬಿಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿ ಶೌಚಕ್ಕೆ ತಾನಾಗಿ ಹೇಳುವ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ಟಿಕೆಟ್ ಕೊಳ್ಳುವ ಮುಂಚೆಯೇ ಇವೆರಡನ್ನೂ ವಿಚಾರಿಸಿ.

ಫುಕೆಟಿನಲ್ಲಿ ನಮ್ಮ ಹಡಗು ಪಾತೊಂಗ್ ತೀರದಿಂದ ದೂರದಲ್ಲಿ, ಸಮುದ್ರದ ನಡುವೆಯೇ ಲಂಗರು ಹಾಕಿತು. ಹಾಗಿದ್ದಾಗ ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ಹಡಗಿನ ಬುಡದ ಬಾಗಿಲಿನಿಂದ ಏಳುತ್ತ ಬೀಳುತ್ತ ಇರುವ ದೋಣಿಗೆ ಹೆಜ್ಜೆ ಇಡುವ ಕ್ಷಣದಲ್ಲಿ ಸ್ಟ್ರೋಲರ್ ಮಡಚಿರಬೇಕು, ಮಗು ಒಬ್ಬರ ತೋಳಿನಲ್ಲಿರಬೇಕು, ಸಾಮಾನು ಇನ್ನೊಬ್ಬರ ಬೆನ್ನಿನ ಮೇಲಿರಬೇಕು. ನಾವಿಕರು ಮೊಣಕೈ ಹಿಡಿದು ಇಳಿಸುತ್ತಾರೆ, ಅವರು ಹೇಳಿದಾಗ ಮಾತ್ರ ಕಾಲು ಎತ್ತಬೇಕು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ನೈಋತ್ಯ ಮುಂಗಾರು ಅಲ್ಲಿಯ ಕಡಲನ್ನು ಕಲಕುತ್ತದೆ, ಆಗ ದೋಣಿ ಇಳಿಸುವುದೇ ರದ್ದಾಗಬಹುದು, ತೀರದಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಲೇಬಾರದು. ನಮ್ಮ ಬೇಸಿಗೆ ರಜೆಯ ಕೊನೆ ಮತ್ತು ದಸರಾ ರಜೆ ಎರಡೂ ಈ ಕಾಲಕ್ಕೆ ಬೀಳುತ್ತವೆ. (ದಸರೆಯಲ್ಲಿ ಮೈಸೂರು ಬಿಟ್ಟು ಹೋಗುವ ಮನಸ್ಸು ನನಗಂತೂ ಬಾರದು.) ಶಾಲೆಗೆ ಇನ್ನೂ ಸೇರದ ಮಗುವಿದ್ದರೆ ಡಿಸೆಂಬರಿನಿಂದ ಮಾರ್ಚಿಯವರೆಗೆ ಹೋಗಿಬನ್ನಿ, ಆ ಸ್ವಾತಂತ್ರ್ಯ ಮುಂದೆ ಬಹಳ ವರ್ಷ ಸಿಗುವುದಿಲ್ಲ.

ಫುಕೆಟಿನಲ್ಲಿ ಗಡಿಯಾರದ ಎಚ್ಚರವೂ ಬೇಕು. ಥಾಯ್ಲೆಂಡಿನ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ಸಿಂಗಪುರದ ಸಮಯವನ್ನೇ ಪಾಲಿಸುತ್ತಿತ್ತು, ಮೊಬೈಲು ಮಾತ್ರ ದಡ ಮುಟ್ಟಿದ ಕೂಡಲೇ ತಾನಾಗಿ ಥಾಯ್ ಸಮಯ ತೋರಿಸತೊಡಗಿತು. ಕೊನೆಯ ದೋಣಿ ಐದಕ್ಕೆ ಎಂದರೆ ಆ ಮೊಬೈಲಿನಲ್ಲಿ ನಾಲ್ಕು. ಹಡಗಿನ ಸಮಯಕ್ಕೆ ಹೊಂದಿಸಿದ ಮಾಮೂಲು ಕೈಗಡಿಯಾರವನ್ನು ಯಜಮಾನರು ಕಟ್ಟಿಕೊಂಡಿದ್ದರು, ಎಲ್ಲರೂ ಅದನ್ನೇ ನಂಬಿದೆವು. ದಿನವೂ ಕೋಣೆಗೆ ಬರುವ ಹಡಗಿನ ಪತ್ರಿಕೆಯಲ್ಲಿ ಹತ್ತುವ ಕಡೆಯ ಗಂಟೆ ಮತ್ತು ಆ ಬಂದರಿನ ಏಜೆಂಟರ ದೂರವಾಣಿ ಸಂಖ್ಯೆ ಇರುತ್ತದೆ, ಅದರ ಫೋಟೋ ತೆಗೆದುಕೊಂಡೇ ಇಳಿಯಿರಿ. ದ್ವೀಪಗಳಿಗೆ ಸ್ಪೀಡ್ ಬೋಟಿನಲ್ಲಿ ಹೋಗುವ ಪ್ರವಾಸಗಳು ಬಹಳ ಪ್ರಸಿದ್ಧ, ಆದರೆ ಅಲೆಯ ಮೇಲೆ ಕುಕ್ಕುತ್ತ ಓಡುವ ಆ ದೋಣಿ ಸಣ್ಣ ಮಗುವಿನ ಕತ್ತಿಗೂ ಬೆನ್ನಿಗೂ ತಕ್ಕದ್ದಲ್ಲ. ನಾವು ತೀರದಲ್ಲಿಯೇ ಮರದ ನೆರಳು ಹಿಡಿದು ಕುಳಿತೆವು, ಮಗಳು ಮರಳಿನಲ್ಲಿ ಗುಂಡಿ ತೋಡಿದಳು.

ಚೀಲದಲ್ಲಿ ಏನಿರಬೇಕೆಂಬುದನ್ನು ತಾಯಂದಿರಿಗೆ ಹೇಳುವ ಅಗತ್ಯವಿಲ್ಲ, ಎರಡು ವಿಷಯ ಮಾತ್ರ. ಹಡಗಿನ ಊಟದ ಮನೆಯಿಂದ ಹಣ್ಣು, ಬೇಯಿಸಿದ ಆಹಾರ ಕಟ್ಟಿಕೊಂಡು ದಡಕ್ಕೆ ಇಳಿಯುವುದನ್ನು ಅನೇಕ ಬಂದರುಗಳಲ್ಲಿ ನಿಷೇಧಿಸಿದ್ದಾರೆ, ಮೊಹರು ಒಡೆಯದ ಬಿಸ್ಕತ್ತಿನ ಪೊಟ್ಟಣಕ್ಕೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಹಡಗಿನಲ್ಲಿ ಇಳಿಯುವ ಮುಂಚೆ ಹೊಟ್ಟೆ ತುಂಬಿಸಲು ನಮಗೆ ನೆರವಾದದ್ದು ಮನೆಯಿಂದ ಒಯ್ದಿದ್ದ ರಾಗಿ ಹುರಿಹಿಟ್ಟು. ಬಿಸಿ ಹಾಲು, ಸ್ವಲ್ಪ ಬೆಲ್ಲ, ಒಂದು ಚಮಚ ಸಾಕು. ಇಷ್ಟು ತಿಂದ ಮಗು ಎರಡು ಗಂಟೆ ತಿಂಡಿ ಕೇಳುವುದಿಲ್ಲ.

ಕೊನೆಯದಾಗಿ ಸಿಂಗಪುರದ ವಿಚಾರ. ಹಡಗು ಹತ್ತಿದಾಗ ನೀವು ಆ ದೇಶ ಬಿಟ್ಟಂತೆ, ಇಳಿದಾಗ ಮತ್ತೆ ಪ್ರವೇಶಿಸಿದಂತೆ, ಆದ್ದರಿಂದ ಮಗುವಿನದೂ ಸೇರಿ ಎಲ್ಲರ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶವಿರುವಂಥದ್ದೇ ಎಂದು ಪರೀಕ್ಷಿಸಿ. ಅಲ್ಲಿಯ ಕಾನೂನಿನಂತೆ 1.35 ಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಆಸನ ಬೇಕು. ಮಾಮೂಲು ಟ್ಯಾಕ್ಸಿಗಳಿಗೆ ಇದರಿಂದ ವಿನಾಯಿತಿ ಇದೆ, ಆ್ಯಪಿನಲ್ಲಿ ಕರೆಸುವ ಖಾಸಗಿ ಕಾರುಗಳಿಗೆ ಇಲ್ಲ. ಹಡಗಿನಿಂದ ಬೆಳಗ್ಗೆ ಇಳಿದು ರಾತ್ರಿಯ ವಿಮಾನಕ್ಕೆ ಕಾಯಬೇಕಾದವರು ಸಾಮಾನನ್ನು ಎಲ್ಲಾದರೂ ಒಪ್ಪಿಸಿ, ಮರೀನಾ ಬೇ ಹಡಗು ನಿಲ್ದಾಣಕ್ಕೆ ಹತ್ತಿರದ ಗಾರ್ಡನ್ಸ್ ಬೈ ದ ಬೇ ಉದ್ಯಾನಕ್ಕೆ ಹೋಗಬಹುದು. ಅದರೊಳಗೆ ಮಕ್ಕಳ ಉದ್ಯಾನವೊಂದಿದೆ, ಪ್ರವೇಶ ಉಚಿತ, ಕಾರಂಜಿಗಳ ನಡುವೆ ಮಕ್ಕಳು ಮನಸಾರೆ ನೆನೆಯಬಹುದು. ನಮ್ಮ ಮೃಗಾಲಯಕ್ಕೆ ಮಂಗಳವಾರ ಹೇಗೋ ಹಾಗೆ ಆ ಮಕ್ಕಳ ಉದ್ಯಾನಕ್ಕೆ ಸೋಮವಾರ ರಜೆ, ಹಾಗಾಗಿ ಸೋಮವಾರ ಇಳಿಯುವ ಹಡಗಾದರೆ ಹತ್ತುವ ಹಿಂದಿನ ದಿನವೇ ಮಗುವಿಗೆ ಅದನ್ನು ತೋರಿಸಿಬಿಡಿ, ಒಂದು ಜೊತೆ ಒಣಬಟ್ಟೆ ಕೈಚೀಲದ ಮೇಲ್ಭಾಗದಲ್ಲಿಯೇ ಇಟ್ಟುಕೊಂಡಿರಿ.